ಟೈಲರ್ ಮಾವನ ಒಸಡು

ನಮ್ಮ ಸೋದರಮಾವ ತನಗೆ ಐವತ್ತೆಂಟು ತುಂಬುವವರೆಗೆ ದಾರ ಕತ್ತರಿಸಲು ಕತ್ತರಿ ಮುಟ್ಟಿದವನಲ್ಲ. ಇದರಲ್ಲೇನು ವಿಶೇಷ, ನಮ್ಮ ಮಾವನೂ ಮುಟ್ಟಿಲ್ಲ ಎಂದೀರಿ. ಸ್ವಲ್ಪ ತಾಳಿ. ನಮ್ಮ ಮಾವ ಟೈಲರ್.

ಸಿರುಗುಪ್ಪದ ಬಸ್ ಸ್ಟ್ಯಾಂಡಿನಿಂದ ಎರಡು ಓಣಿ ಒಳಗೆ ಅವನ ಅಂಗಡಿ. ಎರಡು ಹೊಲಿಗೆ ಮಷಿನ್ನು, ಒಂದು ಇಸ್ತ್ರಿ ಪೆಟ್ಟಿಗೆ, ಗೋಡೆಗೊಂದು ಕನ್ನಡಿ. ಬಟ್ಟೆ ಕತ್ತರಿಸಲು ದೊಡ್ಡ ಕತ್ತರಿ ಇತ್ತು, ಇಲ್ಲವೆಂದಲ್ಲ. ಆದರೆ ಅದು ಬಟ್ಟೆಗೆ ಮಾತ್ರ. ಹೊಲಿಗೆ ಮುಗಿದ ಮೇಲೆ ದಾರದ ತುದಿ ಉಳಿಯುತ್ತದಲ್ಲ, ಅದಕ್ಕೆ ಮಾವನ ಮುಂದಿನ ಹಲ್ಲುಗಳೇ ಗತಿ. ಬಗ್ಗುತ್ತಿದ್ದ, ಕಟ್ ಎನ್ನುತ್ತಿತ್ತು, ಏಳುತ್ತಿದ್ದ. ಒಂದು ಪ್ಯಾಂಟಿಗೆ ಇಪ್ಪತ್ತು ಸಲವಾದರೂ ಹೀಗೆ. ಗೊತ್ತಿಲ್ಲದವರು ರಸ್ತೆಯಿಂದ ನೋಡಿದರೆ, ಈ ಮನುಷ್ಯ ಪ್ಯಾಂಟಿಗೆ ಯಾಕೆ ಮುತ್ತು ಕೊಡುತ್ತಿದ್ದಾನೆ ಎಂದುಕೊಳ್ಳಬೇಕು.

“ಕತ್ತರಿಯಿಂದ ಕೊಯ್ದ ದಾರದ ತುದಿ ಬಿಚ್ಚಿ ನಿಲ್ತೈತಿ,” ಎಂದು ಮಾವ ವಾದಿಸುತ್ತಿದ್ದ. “ಹಲ್ಲಿಲೆ ಕಡಿದ್ರ ತುದಿ ಹಸಿ ಆಗಿ ಸುಮ್ನ ಕುಂದರ್ತೈತಿ. ಹೊಲಿಗಿ ಬಿಚ್ಚಿ ವಾಪಸ್ ಬಂದಿದ್ದು ಒಂದು ಪ್ಯಾಂಟು ತೋರಸ್ರಿ ನೋಡೂಣು.”

ಯಾರೂ ತೋರಿಸಲಿಲ್ಲ. ಮಾವನ ಎಂಜಲು ತಾಗಿದ ಪ್ಯಾಂಟು ತೊಟ್ಟು ತಾಲ್ಲೂಕಿನ ಅರ್ಧದಷ್ಟು ಗಂಡಸರು ಮದುವೆಯಾಗಿದ್ದಾರೆ, ಮಕ್ಕಳನ್ನು ಪಡೆದಿದ್ದಾರೆ. ಯಾರಿಗೂ ಏನೂ ಆಗಿಲ್ಲ.

ಹಲ್ಲಿನ ಕೆಲಸ ದಾರಕ್ಕೇ ನಿಂತಿರಲಿಲ್ಲ. ಸೋಡಾ ಬಾಟಲಿಯ ಮುಚ್ಚಳ, ಗೊಬ್ಬರದ ಚೀಲದ ಹೊಲಿಗೆ, ಬಿಗಿದು ಕೂತ ಲಾಡಿಯ ಗಂಟು, ಎಲ್ಲವೂ ಮಾವನ ಬಾಯಿಗೇ ಬರುತ್ತಿದ್ದವು. ನನ್ನ ಮದುವೆಯಲ್ಲಿ ವರನ ಬಾಸಿಂಗದ ದಾರ ಗಂಟಾಗಿ, ಮದುವೆ ಮಾಡಿಸುತ್ತಿದ್ದ ಅಯ್ನೋರು ಬೆರಳಲ್ಲಿ ಎಳೆದಷ್ಟೂ ಬಿಗಿಯಾಗತೊಡಗಿತು. ಮುಹೂರ್ತ ಹತ್ತಿರ ಬರುತ್ತಿತ್ತು. ಮಾವ ಮಂಟಪ ಹತ್ತಿ ಬಂದು, “ಸರೀರಿ ಸ್ವಾಮಿ,” ಎಂದು ನನ್ನ ಗಂಡನ ಕಿವಿಯ ಹತ್ತಿರ ಬಾಯಿ ತಂದು ಕಟ್ ಎನ್ನಿಸಿಬಿಟ್ಟ. ಮದುವೆಯ ವಿಡಿಯೋದಲ್ಲಿ ಅದು ಸ್ಪಷ್ಟವಾಗಿ ಬಂದಿದೆ. ನೋಡಿದವರೆಲ್ಲ ಹೆಣ್ಣಿನ ಸೋದರಮಾವ ವರನಿಗೆ ಏನೋ ಗುಟ್ಟು ಹೇಳುತ್ತಿದ್ದಾನೆ ಎಂದೇ ತಿಳಿದರು. ಅದು ಗುಟ್ಟಲ್ಲ, ಎಚ್ಚರಿಕೆ ಇರಬೇಕು, ನನಗೇ ತಿಳಿಯಲಿಲ್ಲ ಎಂದು ನನ್ನ ಗಂಡ ಇಂದಿಗೂ ಹೇಳುತ್ತಾನೆ.

ಇಂಥ ಮಾವನಿಗೆ ಎಂಟು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಬಂತು. ಬೇರೆಯವರಿಗೆ ಈ ಕಾಯಿಲೆ ಬಂದರೆ ಹೆದರುತ್ತಾರೆ, ಇಲ್ಲವೇ ಬೇಸರಪಡುತ್ತಾರೆ. ಮಾವ ಅದನ್ನು ಊರಿಂದ ಬಂದ ಬೀಗರಂತೆ ನೋಡಿಕೊಂಡ. ಎದುರಿಗೆ ಮರ್ಯಾದೆ, ಹಿಂದೆ ತನ್ನ ಪಾಡಿಗೆ ತಾನು. ರಕ್ತ ಪರೀಕ್ಷೆ ಇನ್ನು ಮೂರು ದಿನ ಇದೆ ಎನ್ನುವಾಗ ಮಾವ ಸನ್ಯಾಸಿಯಾಗುತ್ತಿದ್ದ. ಬೆಳಿಗ್ಗೆ ನೆನೆಸಿದ ಮೆಂತ್ಯ, ಮಧ್ಯಾಹ್ನ ಒಂದು ರೊಟ್ಟಿ, ಪುಂಡಿಪಲ್ಲೆ, ಸಂಜೆ ಕೆಂಚನಗುಡ್ಡದ ದಾರಿಯಲ್ಲಿ ನದಿಯ ಕಡೆಗೆ ಬಿರುಸಿನ ನಡಿಗೆ. ಮೂರನೆಯ ದಿನ ರಕ್ತ ಕೊಟ್ಟು ಬಂದು, ಚೀಟಿಯಲ್ಲಿ ಅಂಕಿ ಚೆನ್ನಾಗಿದೆ ಎಂದು ಗೊತ್ತಾದ ಕೂಡಲೇ ಅದೇ ಬೀದಿಯ ಮಿಠಾಯಿ ಅಂಗಡಿಗೆ ನುಗ್ಗಿ ಕಾಲು ಕಿಲೋ ಜಿಲೇಬಿ.

ನಾನು ಕುರುಗೋಡಿನಲ್ಲಿ ಪ್ರೌಢಶಾಲೆಯ ಟೀಚರು. ಇಂಥದನ್ನು ಕಂಡು ಸುಮ್ಮನಿರುವ ಜಾತಿಯಲ್ಲ.

“ಮಾವಾ, ಇದು ಮೋಸ ಅಲ್ಲೇನು?” ಎಂದು ಕೇಳಿದೆ.

“ನಿಮ್ಮ ಸಾಲಿ ಹುಡುಗ್ರು ಪರೀಕ್ಷಿ ಮುಂಚಿನ ದಿನಾನೇ ಓದ್ತಾರೋ, ಮುಗಿದ ಮ್ಯಾಲೂ ಓದ್ತಾರೋ?”

“ಮುಂಚಿನ ದಿನ.”

“ಪಾಸ್ ಮಾಡ್ತೀ ಇಲ್ಲೋ?”

ಮಾಡುತ್ತೇನೆ.

ಗುಳಿಗೆಯ ವಿಷಯದಲ್ಲೂ ಅವನದೇ ಶಾಸ್ತ್ರ. ಸಿಹಿ ತಿಂದ ದಿನ ಗುಳಿಗೆ, ತಿನ್ನದ ದಿನ ಗುಳಿಗೆಗೆ ರಜೆ. ದಿನಾ ಅಂಗಡಿ ತೆರೆದರೆ ಯಾರಿಗಾದರೂ ಬೇಸರವಾಗುವುದಿಲ್ಲವೇ ಎಂದು ಅವನ ವಾದ. ಹೀಗೆ ಏಳು ವರ್ಷ ನಡೆಯಿತು. ಮಾವ ಗುಂಡುಕಲ್ಲಿನಂತೆ ಇದ್ದ, ಇದ್ದಂತೆ ಕಾಣುತ್ತಿದ್ದ.

ಮೊದಲು ಗೊತ್ತಾಗಿದ್ದು ಬಚ್ಚಲಿನಲ್ಲಿ. ಬೆಳಿಗ್ಗೆ ಹಲ್ಲುಜ್ಜಿ ಉಗುಳಿದರೆ ಕೆಂಪು. ಎಲೆ ಅಡಿಕೆಯ ಬಣ್ಣ ಎಂದ ಮಾವ. ಅತ್ತೆ ಎಲೆ ಅಡಿಕೆಯ ಡಬ್ಬಿಯನ್ನೇ ಬಚ್ಚಿಟ್ಟಳು. ಹದಿನೈದು ದಿನ ಬಿಟ್ಟರೂ ಉಗುಳು ಕೆಂಪಾಗಿಯೇ ಇತ್ತು. ಆಗ ಮಾವ ಬ್ರಷ್ಷಿನ ಮೇಲೆ ತಪ್ಪು ಹೊರಿಸಿದ. ಬ್ರಷ್ಷು ಬಿಟ್ಟು ಬೇವಿನ ಕಡ್ಡಿ ಹಿಡಿದ, ಕಡ್ಡಿ ಬಿಟ್ಟು ಉಪ್ಪು, ಉಪ್ಪು ಬಿಟ್ಟು ಇದ್ದಿಲ ಪುಡಿ. ಯಾವುದರಿಂದ ಉಜ್ಜಿದರೂ ರಕ್ತ. ಕೊನೆಗೆ ಒಂದು ಮಹಾ ಉಪಾಯ ಹೊಳೆಯಿತು.

“ತಿಕ್ಕಿದ್ರ ರಕ್ತ ಬರ್ತೈತಿ. ತಿಕ್ಕೂದ ಬಿಟ್ರ?”

ಬಿಟ್ಟ. ರಕ್ತ ಬರುವುದು ನಿಂತಂತೆಯೂ ಕಂಡಿತು. ಅದರ ಬದಲಿಗೆ ಇನ್ನೊಂದು ಬಂತು. ವಾಸನೆ.

ಹೇಳಬಾರದು, ಹಿರಿಯರು. ಆದರೆ ಆ ದಿನಗಳಲ್ಲಿ ಮಾವ ಅಳತೆ ತೆಗೆದುಕೊಳ್ಳುವಾಗ ಗಿರಾಕಿಗಳೆಲ್ಲ ಹಿಂದಕ್ಕೆ ಬಾಗಿ ನಿಲ್ಲುತ್ತಿದ್ದರು. ಕಾಲರಿನ ಅಳತೆಗೆ ಬಂದಾಗ ಉಸಿರು ಬಿಗಿ ಹಿಡಿಯುತ್ತಿದ್ದರು. ಉಸಿರು ಬಿಗಿ ಹಿಡಿದವರ ಎದೆಯ ಅಳತೆ ಎಷ್ಟು ಬಂದೀತು? ಆ ವರ್ಷ ಸಿರುಗುಪ್ಪದಲ್ಲಿ ಹೊಲಿಸಿದ ಅಂಗಿಗಳೆಲ್ಲ ಎರಡು ಇಂಚು ದೊಗಳೆ. ಅದನ್ನು ಹೊಸ ಫ್ಯಾಷನ್ನು ಎಂದು ಹುಡುಗರು ತಿರುಗಾಡಿದರು.

ಅಂಗಡಿಯ ಎರಡನೆಯ ಮಷಿನ್ನಿನಲ್ಲಿ ಕೂರುವವರು ಒಬ್ಬರು ಸಾಬರು. ಗುಂಡಿ ತೂರಿಸುವ ಕಾಜಾ ಹೊಲಿಯುವುದರಲ್ಲಿ ಎತ್ತಿದ ಕೈ, ಹಾಗಾಗಿ ಎಲ್ಲರ ಬಾಯಲ್ಲೂ ಕಾಜಾ ಸಾಬರು. ಮಾವನಿಗೆ ಮೂವತ್ತು ವರ್ಷದ ಜೊತೆಗಾರ. ಇಬ್ಬರೂ ಎದುರುಬದುರು ಕೂತು ಹರಟುತ್ತ ಹೊಲಿಯುತ್ತಿದ್ದವರು. ಒಂದು ದಿನ ನಾನು ಹೋದಾಗ ಸಾಬರು ತಮ್ಮ ಮಷಿನ್ನನ್ನು ರಸ್ತೆಯ ಕಡೆಗೆ ತಿರುಗಿಸಿಕೊಂಡು, ಮಾವನಿಗೆ ಬೆನ್ನು ಹಾಕಿ ಕೂತಿದ್ದರು.

“ಯಾಕ್ರಿ ಈ ಕಡೆ ತಿರುಗೀರಿ?” ಎಂದೆ.

“ಗಾಳಿ ಬರ್ತೈತಲ್ಲವ್ವ, ಅದಕ್ಕ,” ಎಂದರು ಸಾಬರು. ಮಹಾ ಮರ್ಯಾದಸ್ಥರು. ಗಾಳಿ ಎತ್ತ ಕಡೆಯಿಂದ ಬರುತ್ತಿತ್ತೆಂದು ಹೇಳಲಿಲ್ಲ.

ಮಾವನಿಗೆ ಇದು ಯಾವುದೂ ಗೊತ್ತಾಗಲಿಲ್ಲವೇ? ಗೊತ್ತಾಗಿತ್ತು ಎಂದು ನನಗೆ ತಿಳಿದದ್ದು ಆಮೇಲೆ. ಜೇಬಿನಲ್ಲಿ ಏಲಕ್ಕಿ ಇಟ್ಟುಕೊಳ್ಳತೊಡಗಿದ್ದ. ಜೋರಾಗಿ ನಗುತ್ತಿದ್ದವನು ಕೈ ಅಡ್ಡ ಹಿಡಿದು ನಗುತ್ತಿದ್ದ. ಮಾತು ಕಡಿಮೆಯಾಯಿತು. ಮಾವನ ಮಾತು ಕಡಿಮೆಯಾದಾಗಲೇ ನಾವು ಯಾರಾದರೂ ಬಾಯಿ ತೆಗೆಸಿ ನೋಡಬೇಕಿತ್ತು. ಎಷ್ಟು ಸುಖವಾಗಿದೆಯಲ್ಲ ಎಂದು ನಾವು ಸುಮ್ಮನಿದ್ದುಬಿಟ್ಟೆವು.

ಒಂದು ಭಾನುವಾರ ಬೆಳಿಗ್ಗೆ ಅತ್ತೆಯ ಫೋನು ಬಂತು. ದನಿ ಸಣ್ಣದಾಗಿತ್ತು.

“ನೀ ಒಂದೀಟು ಬಂದು ಹೋಗವ್ವಾ. ನಿಮ್ಮ ಮಾವನ ಕಿಸೇದಾಗ ಕತ್ತರಿ ಸಿಕ್ಕೈತಿ.”

ಬೇರೆ ಹೆಂಗಸರಿಗೆ ಗಂಡನ ಜೇಬಿನಲ್ಲಿ ಏನೇನೋ ಸಿಗುತ್ತದೆ ಎಂದು ಕೇಳಿದ್ದೇನೆ. ಕತ್ತರಿ ಸಿಕ್ಕಿತೆಂದು ಅಳುವವಳನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ಅದರ ಅರ್ಥ ನನಗೂ ಗೊತ್ತಾಯಿತು. ಸಿರುಗುಪ್ಪದ ಬಸ್ಸು ಹಿಡಿದೆ.

ಅತ್ತೆ ಅದನ್ನು ಅಡುಗೆಮನೆಯ ಗೂಡಿನಲ್ಲಿ ಬಚ್ಚಿಟ್ಟಿದ್ದಳು. ಹೆಬ್ಬೆರಳಿನಷ್ಟು ಉದ್ದದ, ದಾರ ಕತ್ತರಿಸುವ ಪುಟ್ಟ ಕತ್ತರಿ. ಕಾಜಾ ಸಾಬರ ಬಳಿಯೂ ಇಂಥದೇ ಇದೆ. ಮಾವ ಅಂಗಡಿಯಿಂದ ಊಟಕ್ಕೆ ಬಂದಾಗ ಅತ್ತೆ ಅದನ್ನು ತಟ್ಟೆಯ ಪಕ್ಕ, ಉಪ್ಪಿನಕಾಯಿ ಇಡುವ ಜಾಗದಲ್ಲಿ ಇಟ್ಟಳು. ಮಾವ ನೋಡಿದ. ನನ್ನನ್ನೂ ನೋಡಿದ. ಕಳ್ಳತನ ಮಾಡಿ ಸಿಕ್ಕಿಬಿದ್ದ ನನ್ನ ಎಂಟನೇ ಕ್ಲಾಸಿನ ಹುಡುಗರ ಮುಖವೇ.

“ಯಾವಾಗಿಂದ?” ಎಂದೆ.

“ಎರಡು ತಿಂಗಳಾತು.”

ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದನಂತೆ. ಎಂದಿನಂತೆ ಬಗ್ಗಿ ದಾರ ಕಚ್ಚಿದ. ದಾರ ಹರಿಯಲಿಲ್ಲ, ಹಲ್ಲು ಅಲುಗಿತು. ಇನ್ನೊಮ್ಮೆ ಕಚ್ಚಿದ. ಕೆಳಗಿನ ಎರಡು ಹಲ್ಲು ಸಡಿಲಾದ ಬಾಗಿಲ ಕೀಲಿನಂತೆ ಹಿಂದಕ್ಕೆ ಮುಂದಕ್ಕೆ ಆಡಿದವು. ಬಿಳಿ ಅಂಗಿಯ ಮೇಲೆ ರಕ್ತದ ಒಂದು ಚುಕ್ಕೆ ಬಿತ್ತು. ಮಾವ ಆ ಅಂಗಿಯನ್ನು ಸಾಬರಿಗೆ ಕಾಣದಂತೆ ತೊಳೆದು, ಹಿಂದಿನ ಬಾಗಿಲಿನಿಂದ ಹೋಗಿ ಕತ್ತರಿ ಕೊಂಡು ತಂದ. ಬೇರೆ ಓಣಿಯ ಅಂಗಡಿಯಿಂದ.

“ವಯಸ್ಸಾತು ಬಿಡು. ಹಲ್ಲು ಅಲುಗಾಡಾಕತ್ಯಾವ. ಅದರಾಗ ಏನೈತಿ?”

“ಶುಗರ್ ಏನಾಗೈತಿ ಮಾವಾ?”

“ಶುಗರ್ ರಕ್ತದಾಗಿರ್ತೈತಿ. ಹಲ್ಲು ಬಾಯಾಗ ಅದಾವ. ಅವಕ್ಕ ಇವಕ್ಕ ಮುಖಪರಿಚಯಾನೂ ಇಲ್ಲ,” ಎಂದ ಮಾವ, ಕೈ ಅಡ್ಡ ಹಿಡಿದುಕೊಂಡು.

ಅತ್ತೆ ಕತ್ತರಿಯನ್ನು ಅವನ ಮುಂದಕ್ಕೆ ದೂಡಿದಳು. “ಬಟ್ಟಿ ಮುಂದಕ್ಕ ದಬ್ಬೋ ಸಣ್ಣ ಸಣ್ಣ ಹಲ್ಲು ಅದಾವಲ್ಲ ನಿಮ್ಮ ಮಷಿನ್ನಿಗೆ, ಅವನ್ನ ದಿನಾ ತಗದು ತಿಕ್ತೀರಿ, ಎಣ್ಣಿ ಬಿಡ್ತೀರಿ. ನಿಮ್ಮ ಬಾಯಿ ಆ ಮಷಿನ್ನಿಗಿಂತ ಕಡಿಮಿ ಆತೇನು?” ಎಂದವಳೇ ಎದ್ದು ಒಳಗೆ ಹೋದಳು. ಮೂವತ್ತು ವರ್ಷದ ಸಂಸಾರದಲ್ಲಿ ಅತ್ತೆ ಆಡಿದ ಅತಿ ಉದ್ದದ ಮಾತು ಅದು. ಮಾವ ಮರುದಿನವೇ ಬಳ್ಳಾರಿಗೆ ಹೊರಟ.

ಬಳ್ಳಾರಿಯ ಬಸ್ ಸ್ಟ್ಯಾಂಡಿನಲ್ಲಿ ನಾನು ಕಾಯುತ್ತಿದ್ದೆ. ಇಳಿದ ಮಾವನ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿತ್ತು. ಅದನ್ನು ತೆಗೆಯುವುದು ಅವನಿಗೆ ನೆನಪಿರುವುದಿಲ್ಲ. ಒಮ್ಮೆ ಒಂದು ಸಾವಿನ ಮನೆಗೂ ಹಾಗೇ ಹೋದಾಗ, ಹೆಣದ ಅಳತೆಗೆ ಬಂದಿದ್ದಾನೆ ಎಂದು ಜನ ತಿಳಿದುಕೊಂಡಿದ್ದರು.

ಹಲ್ಲಿನ ಡಾಕ್ಟರು ಒಬ್ಬ ಹೆಣ್ಣುಮಗಳು. ಮೂವತ್ತೂ ಆಗಿರಲಿಕ್ಕಿಲ್ಲ. ಮಾವನನ್ನು ಉದ್ದನೆಯ ಕುರ್ಚಿಯಲ್ಲಿ ಮಲಗಿಸಿ, ದೀಪ ಹಾಕಿ, ಬಾಯಿಯೊಳಗೆ ಸಣ್ಣ ಕನ್ನಡಿ ಇಟ್ಟು, ತೆಳುವಾದ ಕಡ್ಡಿಯಿಂದ ಒಂದೊಂದೇ ಹಲ್ಲಿನ ಬುಡ ಮುಟ್ಟುತ್ತ ಹೋದರು. ಮುಟ್ಟಿದಲ್ಲೆಲ್ಲ ರಕ್ತ. ಮೊದಲ ಪ್ರಶ್ನೆ ಕೇಳಿದರು.

“ಶುಗರ್ ಐತೇನ್ರಿ ಯಜಮಾನ್ರ?”

ಮಾವ ಎದ್ದು ಕೂತ. “ನಾ ಹಲ್ಲು ತೋರ್ಸಾಕ ಬಂದೀನಿ ಡಾಕ್ಟರಮ್ಮ.”

“ಹಲ್ಲೇ ಹೇಳಾಕತ್ಯಾವ್ರಿ.”

ಮಾವ ನನ್ನ ಕಡೆ ನೋಡಿದ, ನಾನು ಮೊದಲೇ ಬಂದು ಹೇಳಿಕೊಟ್ಟಿದ್ದೇನೆ ಎಂಬಂತೆ. ನಾನಲ್ಲ ಎಂದು ತಲೆಯಾಡಿಸಿದೆ. ಡಾಕ್ಟರಮ್ಮ ಅವನ ಕೊರಳಿನ ಟೇಪು ನೋಡಿದರು. ಸ್ವಲ್ಪ ಹೊತ್ತು ಯೋಚಿಸಿ ತಮ್ಮ ಬಿಳಿ ಕೋಟಿನ ಒಂದು ಗುಂಡಿ ಹಿಡಿದು ತೋರಿಸಿದರು.

“ಗುಂಡಿ ಗಟ್ಟಿ ಐತ್ರಿ, ದಾರಾನೂ ಗಟ್ಟಿ ಐತಿ. ಆದ್ರ ಗುಂಡಿ ಹಚ್ಚಿದ ಬಟ್ಟಿನೇ ಪಿಸಿದು ಹೋದ್ರ?”

“ಗುಂಡಿ ಬಟ್ಟಿ ಸಮೇತ ಕಿತ್ತು ಬರ್ತೈತಿ,” ಎಂದ ಮಾವ. ಇದು ಅವನ ವಿಷಯ.

“ನಿಮ್ಮ ಹಲ್ಲು ಗುಂಡಿ ಇದ್ದಂಗ. ಒಂದರಾಗೂ ಹುಳುಕಿಲ್ಲ. ಪಿಸಿದಿರೋದು ಒಸಡು, ಅದರ ಕೆಳಗಿನ ಎಲುಬು. ಶುಗರ್ ಹೆಚ್ಚಿದ್ದವರಿಗೆ ಒಸಡಿನಾಗಿನ ಸೋಂಕು ಲಗೂನ ಮಾಯೂದಿಲ್ಲ, ಒಳಗ ಒಳಗ ತಿಂತಾ ಹೋಗ್ತೈತಿ. ಇನ್ನೊಂದು ಕೇಳ್ರಿ. ಒಸಡಿನಾಗ ಸೋಂಕು ಇದ್ದಷ್ಟು ದಿನ ಶುಗರೂ ಮಾತು ಕೇಳೂದಿಲ್ಲ. ಇದು ಅದನ್ನ ಏರಸ್ತೈತಿ, ಅದು ಇದನ್ನ ಕೆಡಸ್ತೈತಿ.”

ಮಾವ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. ಆಮೇಲೆ, “ಹಂಗಾರ ಅವಕ್ಕ ಮುಖಪರಿಚಯ ಐತಿ ಅಂದಂಗಾತು,” ಎಂದ.

“ಬರೀ ಪರಿಚಯ ಅಲ್ರಿ, ಬೀಗತನಾನೇ ಐತಿ,” ಎಂದರು ಡಾಕ್ಟರಮ್ಮ.

ಸೋತವರು ಮಾಡುವಂತೆ ಮಾವ ಒಮ್ಮೆಲೇ ಶರಣಾದ. “ಎಲ್ಲಾ ಕಿತ್ತು ಹಾಕಿಬಿಡ್ರಿ. ಹೊಸಾ ಸೆಟ್ಟು ಕೂಡಸ್ರಿ. ಪೀಡಾ ಹೋಗ್ಲಿ.”

“ಒಬ್ಬರು ಪ್ಯಾಂಟಿಗೆ ತೂತು ಬಿದ್ದೈತಿ ಅಂತ ತಂದ್ರ ಎಸೀರಿ ಅಂತೀರೇನು?”

“ರಫು ಮಾಡ್ತೀನಿ. ಎಳಿ ಎಳಿ ಕೂಡಿಸಿ ತೂತು ಮುಚ್ತೀನಿ.”

“ನಾನೂ ಅದನ್ನೇ ಮಾಡಾಕಿ.”

ರಫು ಎಂಬ ಮಾತು ಕೇಳಿದ ಮೇಲೆ ಮಾವ ಆ ಹುಡುಗಿಯನ್ನು ಹುಡುಗಿಯೆಂದು ನೋಡಲಿಲ್ಲ. ತನ್ನ ಕಸುಬಿನವಳೆಂದು ನೋಡಿದ. ಆದರೂ ಕೊನೆಯದೊಂದು ಅನುಮಾನ ಉಳಿದಿತ್ತು. ಹಲ್ಲು ಕ್ಲೀನ್ ಮಾಡಿಸಿದರೆ ಇನ್ನೂ ಸಡಿಲಾಗುತ್ತವೆ ಎಂದು ಊರೆಲ್ಲ ಹೇಳುತ್ತಾರಲ್ಲ? ಹಲ್ಲಿನ ಬುಡದಲ್ಲಿ ಗಾರೆಯಂತೆ ಗಟ್ಟಿಯಾಗಿ ಕೂತ ಕಿಟ್ಟವೇ ಒಸಡನ್ನು ಕೆಡಿಸಿರುವುದು, ಅದು ಹೋದಾಗ ಮೊದಲೇ ಸಡಿಲಾಗಿದ್ದ ಹಲ್ಲು ಸಡಿಲವೆಂದು ಗೊತ್ತಾಗುತ್ತದೆ ಅಷ್ಟೇ ಎಂದು ಅವರು ತಿಳಿಸಿ ಹೇಳಿದರು.

ಆದರೆ ರಫು ಆ ದಿನ ಆಗಲಿಲ್ಲ. ಮೊದಲು ಸಕ್ಕರೆ ನೋಡಬೇಕೆಂದು ರಕ್ತ ಪರೀಕ್ಷೆಗೆ ಕಳಿಸಿದರು. ಮಾವನಿಗೆ ದಿಗಿಲಾಯಿತು. “ಇವತ್ತ? ಮೂರು ದಿನ ಬಿಟ್ಟು ಬರ್ತೀನಲ್ಲ,” ಎಂದ. ಮೂರು ದಿನದ ಸನ್ಯಾಸ ಆಗಬೇಕಿತ್ತಲ್ಲ.

“ಇದು ಹಿಂದಿನ ಮೂರು ತಿಂಗಳದ್ದು ತೋರಿಸೋ ಪರೀಕ್ಷಿರಿ. ಇವತ್ತು ಮಾಡಿದ್ರೂ ಅಷ್ಟೇ, ಮೂರು ದಿನ ಬಿಟ್ಟರೂ ಅಷ್ಟೇ.”

ಮೂರು ತಿಂಗಳಲ್ಲಿ ಎರಡು ಮದುವೆ, ಒಂದು ಸೀಮಂತ, ಒಂದು ಗೃಹಪ್ರವೇಶ ಆಗಿದ್ದವು. ಚೀಟಿಯಲ್ಲಿ ಎಲ್ಲವೂ ಬಂತು. ಏಳರ ಒಳಗಿರಬೇಕಾದದ್ದು ಎರಡಂಕಿಗೆ ಏರಿತ್ತು. ಅದನ್ನು ಹಿಡಿದುಕೊಂಡು ಮಾವ, “ಇದು ಪರೀಕ್ಷಿ ಅಲ್ಲ, ಚಾಡಿ,” ಎಂದ. ಆದರೂ ಅದನ್ನು ನಾಲ್ಕಾಗಿ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದ. ನಾನು ಅದನ್ನು ನೋಡಿ, ಟೀಚರಾಗಿ ಹೇಳಬೇಕೆಂದಿದ್ದ ಬೈಗುಳವನ್ನು ನುಂಗಿಕೊಂಡೆ. ಅಲ್ಲಿಂದಲೇ ಸಕ್ಕರೆ ಕಾಯಿಲೆಯ ಡಾಕ್ಟರ ಬಳಿಗೆ ಹೋದೆವು. ಅವರು ಗುಳಿಗೆ ಬದಲಿಸಿದರು, ರಜೆ ಎಲ್ಲ ರದ್ದು ಮಾಡಿದರು.

ಆಮೇಲೆ ನಾಲ್ಕು ವಾರ, ವಾರಕ್ಕೊಮ್ಮೆ ಮಾವ ಬಳ್ಳಾರಿಗೆ ಬಂದ. ಬಾಯಿಯ ಒಂದೊಂದು ಮೂಲೆಗೆ ಒಂದೊಂದು ದಿನ. ಒಸಡು ಮರಗಟ್ಟಲು ಚುಚ್ಚುಮದ್ದು ಕೊಟ್ಟು, ಕೆಳಗೆ ಬೇರಿನವರೆಗೂ ಕೆರೆದು ತೊಳೆದರು. ಅಲುಗುತ್ತಿದ್ದ ಎರಡು ಹಲ್ಲನ್ನು ಉಳಿಸಲಾಗಲಿಲ್ಲ, ಸಕ್ಕರೆ ಸ್ವಲ್ಪ ಇಳಿದ ಮೇಲೆ ಕಿತ್ತರು. ಮಾವ ಆ ಎರಡನ್ನೂ ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದು ತುಂಗಭದ್ರೆಗೆ ಬಿಟ್ಟ. ಎಲ್ಲರೂ ಸತ್ತವರ ಅಸ್ಥಿ ಬಿಡುವ ಜಾಗದಲ್ಲಿ ಎರಡು ಹಲ್ಲನ್ನು ಬಿಟ್ಟು, ಮನೆಗೆ ಬಂದು ತಲೆಮೇಲೆ ನೀರು ಹಾಕಿಕೊಂಡನಂತೆ. ಅತ್ತೆ ಸೂತಕ ಎಷ್ಟು ದಿನ ಎಂದು ನನ್ನನ್ನು ಫೋನಿನಲ್ಲಿ ಕೇಳಿದಳು. ತಮಾಷೆಯೋ ನಿಜವೋ ಗೊತ್ತಾಗಲಿಲ್ಲ.

ಮತಾಂತರಗೊಂಡವರ ಭಕ್ತಿ ಹುಟ್ಟು ಭಕ್ತರಿಗಿಂತ ಜಾಸ್ತಿ. ಮಾವ ದಿನಕ್ಕೆ ಎರಡು ಸಲ ಮೆತ್ತನೆಯ ಬ್ರಷ್ಷು ಹಿಡಿದು ನಿಂತನೆಂದರೆ, ಬಚ್ಚಲಿಗೆ ಬೇರೆಯವರು ಹೋಗುವಂತಿಲ್ಲ. ಹಲ್ಲಿನ ಸಂದಿಗೆ ಬಾಟಲಿ ತೊಳೆಯುವ ಬ್ರಷ್ಷಿನ ಮರಿಯಂಥದೊಂದನ್ನು ಕೊಟ್ಟಿದ್ದರು. ಅದು ಎಷ್ಟು ಇಷ್ಟವಾಯಿತೆಂದರೆ ಇನ್ನೊಂದು ಕೊಂಡು ಮಷಿನ್ನಿನ ಸಂದಿಯನ್ನೂ ಅದರಿಂದಲೇ ತಿಕ್ಕತೊಡಗಿದ. ಊಟವಾದ ಮೇಲೆ ನಡಿಗೆ. ಪರೀಕ್ಷೆ ಇರಲಿ ಬಿಡಲಿ. ಜಿಲೇಬಿ ಅಂಗಡಿಯ ಮುಂದೆ ಹಾದುಹೋಗುವಾಗ ಹಳೆಯ ಗೆಳೆಯನಿಗೆ ಮಾಡುವಂತೆ ಕೈಯೆತ್ತಿ ನಮಸ್ಕಾರ ಮಾಡಿ ಮುಂದೆ ಹೋಗುತ್ತಾನೆ.

ಇಷ್ಟಕ್ಕೇ ನಿಂತಿದ್ದರೆ ಸರಿಯಿತ್ತು. ಗಿರಾಕಿಗಳ ಗತಿ ಕೇಳಿ. ರೂಪನಗುಡಿಯಿಂದ ಬಂದಿದ್ದ ಒಬ್ಬ ರೈತರು, ನೆಂಟರ ಮದುವೆಗೆ ಅಂಗಿ ಹೊಲಿಸಬೇಕೆಂದು ಬಟ್ಟೆ ತಂದಿದ್ದರು. ಮಾವ ಎದೆಯ ಅಳತೆ ತೆಗೆದ, ತೋಳಿನದು ತೆಗೆದ, ಕಾಲರಿನದು ತೆಗೆದ. ಆಮೇಲೆ, “ಬಾಯಿ ತಗೀರಿ,” ಎಂದ.

“ಅಂಗಿಗೂ ಬಾಯಿಗೂ ಏನ್ ಸಂಬಂಧ ಮಾಸ್ತರ?”

“ನಾನೂ ಹಿಂಗ ಕೇಳಿದ್ದೆ. ತಗೀರಿ. ತಿಕ್ಕುವಾಗ ರಕ್ತ ಬರ್ತೈತೇನು?”

ಆ ರೈತರು ಅಂಗಿ ಬೇಡವೆಂದು ಬಟ್ಟೆ ಕಿತ್ತುಕೊಂಡು ಹೋಗಲಿಲ್ಲ ಎನ್ನುವುದೇ ದೊಡ್ಡದು. ಅಳತೆಯ ಪುಸ್ತಕದಲ್ಲಿ ಮಾವ ಹೊಸದೊಂದು ಕಾಲಂ ಹಾಕಿದ್ದಾನೆ. ಎದೆ, ಸೊಂಟ, ಉದ್ದ, ಒಸಡು. ಒಸಡಿನ ಕೆಳಗೆ ‘ಸರಿ’ ಅಥವಾ ‘ಪಿಸಿದೈತಿ’ ಎಂದು ಬರೆಯುತ್ತಾನೆ.

ಕಾಜಾ ಸಾಬರು ಮಾತ್ರ ಬಾಯಿ ತೆರೆಯಲು ಒಪ್ಪಲಿಲ್ಲ. ಅಷ್ಟು ಹೊತ್ತಿಗೆ ಅವರ ಮಷಿನ್ನು ತಾನಾಗಿಯೇ ಮತ್ತೆ ಮಾವನ ಕಡೆಗೆ ತಿರುಗಿತ್ತು. ಗಾಳಿ ಈಗ ಆ ಕಡೆಯಿಂದ ಬರುತ್ತಿಲ್ಲವೇನು ಎಂದು ಯಾರೂ ಕೇಳಲಿಲ್ಲ. ಎದುರುಬದುರು ಕೂತ ಮೇಲೆ ಮಾವನ ಕಣ್ಣು ತಪ್ಪಿಸುವುದು ಕಷ್ಟ. ಒಂದು ದಿನ ಸಾಬರು ಸೇಬು ಕಚ್ಚಿದರು. ಕಚ್ಚಿದ ಜಾಗದಲ್ಲಿ ಕೆಂಪು ಗೆರೆ.

“ಸಾಬ್ರ, ಏಳ್ರಿ.”

“ಎಲ್ಲಿಗಿ?”

“ರಕ್ತ ಕೊಡಾಕ.”

“ನಂಗ್ ಶುಗರ್ ಇಲ್ಲ ಮಾಸ್ತರ. ನಮ್ಮ ಖಾನ್‌ದಾನಿನಾಗ ಯಾರಿಗೂ ಇಲ್ಲ.”

“ಯಾರಾರ ಪರೀಕ್ಷಿ ಮಾಡಿಸ್ಯಾರೇನು?”

ಸಾಬರು ಸೇಬು ಕೆಳಗಿಟ್ಟು ಹೊಲಿಗೆಗೆ ಬಾಗಿದರು. ಮಾವ ಮಷಿನ್ನಿನ ಬೆಲ್ಟು ಬಿಚ್ಚಿ ಜೇಬಿಗೆ ಹಾಕಿಕೊಂಡ. ಬೆಲ್ಟಿಲ್ಲದೆ ಹೊಲಿಯುವುದು ಹೇಗೆ? ಸಾಬರು ಗೊಣಗುತ್ತ ಹೋದರು. ಸಕ್ಕರೆ ಇತ್ತು. ಆದರೆ ಹೊಸದು, ಈಗಷ್ಟೇ ಹೊಸ್ತಿಲು ದಾಟಿದ್ದು. ಇಷ್ಟು ಬೇಗ ಬಂದದ್ದು ಒಳ್ಳೆಯದಾಯಿತು ಎಂದರಂತೆ ಡಾಕ್ಟರು. ಈಗ ಇಬ್ಬರೂ ಸಂಜೆ ಜೊತೆಯಾಗಿ ನಡೆಯುತ್ತಾರೆ. ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರುತ್ತಾರೆ. ಬೇರೆ ಯಾರಿಂದಲೂ ಸಾಧ್ಯವಾಗದ ಶಿಸ್ತು ಅದು.

ಮೂರು ತಿಂಗಳ ಮೇಲೆ ಮಾವನ ಚಾಡಿ ಚೀಟಿ ಮತ್ತೆ ಬಂತು. ಒಂದಂಕಿಗೆ ಇಳಿದಿತ್ತು. ಹಲ್ಲಿನ ಡಾಕ್ಟರಮ್ಮ ಅದೇ ಕಡ್ಡಿಯಿಂದ ಹಲ್ಲುಗಳ ಬುಡ ಮುಟ್ಟಿದರು. ರಕ್ತ ಬರಲಿಲ್ಲ. ಮಾವ ಹಲ್ಲಿಲ್ಲದ ಕಿಂಡಿಯನ್ನು ಮುಚ್ಚದೆ, ಕೈ ಅಡ್ಡ ಹಿಡಿಯದೆ, ಆ ಕ್ಲಿನಿಕ್ಕಿನ ಗಾಜು ಅದುರುವಂತೆ ನಕ್ಕ. ಹೊರಗೆ ಕಾಯುತ್ತಿದ್ದವರಲ್ಲಿ ಒಬ್ಬರು ಹೆದರಿ ಎದ್ದು ನಿಂತರು.

ಇಲ್ಲಿಗೆ ಈ ಕಥೆ ನಗುತ್ತ ಮುಗಿಯಬೇಕಿತ್ತು. ಕಳೆದ ತಿಂಗಳು ಫೋನಿನಲ್ಲಿ ಮಾತಾಡುವಾಗ ನಾನೊಂದು ತಪ್ಪು ಮಾಡಿದೆ. ಎರಡು ದಿನದಿಂದ ಹಲ್ಲುಜ್ಜುವಾಗ ನನಗೂ ಸ್ವಲ್ಪ ರಕ್ತ ಕಾಣುತ್ತಿದೆ ಎಂದು ಮಾತಿನ ನಡುವೆ ಅಂದುಬಿಟ್ಟೆ. ಆ ಕಡೆಯಿಂದ ಏನಾದರೂ ತಮಾಷೆ ಬರುತ್ತದೆ ಎಂದುಕೊಂಡೆ. ಮಾವ ಫೋನು ಇಟ್ಟುಬಿಟ್ಟ.

ಮರುದಿನ ಬೆಳಿಗ್ಗೆ ಶಾಲೆಗೆ ಹೊರಡಲು ಬಾಗಿಲು ತೆಗೆದರೆ ಕುರುಗೋಡಿನ ನಮ್ಮ ಮನೆಯ ಕಟ್ಟೆಯ ಮೇಲೆ ಮಾವ ಕೂತಿದ್ದ. ಮೊದಲ ಬಸ್ಸಿಗೆ ಬಂದಿದ್ದ. “ಸಾಲಿಗಿ ರಜಾ ಹಾಕು,” ಎಂದ, ಅಷ್ಟೇ. ಬಳ್ಳಾರಿಯ ಬಸ್ಸು ಹತ್ತಿಸಿದ. ನಾನು ರಕ್ತ ಕೊಟ್ಟು, ಡಾಕ್ಟರಮ್ಮನಿಗೆ ಬಾಯಿ ತೋರಿಸಿ, ಚೀಟಿಗಾಗಿ ಕಾಯುವಾಗ ಪಕ್ಕದ ಕುರ್ಚಿಯಲ್ಲಿ ನನ್ನ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ನೆಲ ನೋಡುತ್ತ ಕೂತಿದ್ದ.

“ಇಷ್ಟಕ್ಕ ಯಾಕ ಇಷ್ಟ ಗಾಬರಿ ಮಾವಾ?” ಎಂದೆ.

“ನಿಮ್ಮವ್ವ ಕಡೀಕ ರೊಟ್ಟಿ ಹೆಂಗ ತಿಂತಿದ್ಲು, ನೆನಪೈತೇನು?”

ನೆನಪಿತ್ತು. ಅವ್ವ ರೊಟ್ಟಿಯನ್ನು ಸಾರಿನಲ್ಲಿ, ಸಾರಿಲ್ಲದಿದ್ದರೆ ನೀರಿನಲ್ಲಿ ನೆನೆಸಿ, ಹಿಂಡಿ, ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಅವ್ವ ತೀರಿಕೊಂಡು ಹದಿನೈದು ವರ್ಷವಾಯಿತು. ಕಾಲಿನ ಗಾಯ ಮಾಯಲಿಲ್ಲವೆಂದು ಆಸ್ಪತ್ರೆಗೆ ಸೇರಿಸಿದಾಗಲೇ ಅವಳಿಗೆ ಸಕ್ಕರೆ ಇದೆಯೆಂದು ನಮಗೆ ಗೊತ್ತಾದದ್ದು. ಆಗ ಎಲ್ಲವೂ ಕೈ ಮೀರಿತ್ತು.

“ನಲವತ್ತಕ್ಕ ಹಲ್ಲು ಬೀಳಾಕ ಹತ್ತಿದ್ವು ಅಕ್ಕಗ,” ಎಂದ ಮಾವ. “ಒಂದೊಂದ ಬಿದ್ದಾಗ ನಾನ ಚೇಷ್ಟಿ ಮಾಡ್ತಿದ್ದೆ, ಮುದುಕಿ ಆದಿ ನೋಡಬೇ ಅಂತ. ನನ್ನ ಹಲ್ಲು ತೋರಿಸಿ ನಗ್ತಿದ್ದೆ. ಅಕೀ ಸೈತ ನಗ್ತಿದ್ಲು, ಸೆರಗು ಅಡ್ಡ ಹಿಡದು. ಅವು ಬೀಳೂ ಮುಂದ ಹೇಳಾಕ ಹತ್ತಿದ್ವು ಯವ್ವಾ. ಹತ್ತು ವರ್ಷ ಮೊದಲ ಹೇಳಿದ್ವು. ನಮಗ ಯಾರಿಗೂ ಕೇಳಸಲಿಲ್ಲ.”

ನಾನು ಅವನ ಕೈ ಹಿಡಿದುಕೊಂಡೆ. ಬೆರಳ ತುದಿಗಳೆಲ್ಲ ಸೂಜಿ ಚುಚ್ಚಿ ಒರಟಾಗಿದ್ದವು.

ಚೀಟಿ ಬಂತು. ಸಕ್ಕರೆ ಇರಲಿಲ್ಲ. ಒಸಡು ಸ್ವಲ್ಪ ಊದಿದೆ, ಸ್ವಚ್ಛ ಮಾಡಿಸಿಕೊಂಡರೆ ಸಾಕು, ಅವ್ವನಿಗೆ ಇತ್ತಾದ್ದರಿಂದ ವರ್ಷಕ್ಕೊಮ್ಮೆ ರಕ್ತ ನೋಡಿಸುತ್ತಿರಿ ಎಂದರು ಡಾಕ್ಟರಮ್ಮ. ಮಾವ ಆ ಚೀಟಿಯನ್ನು ಮೂರು ಸಲ ಓದಿದ. ಅವನಿಗೆ ಇಂಗ್ಲಿಷು ಬರುವುದಿಲ್ಲ.

ಮನೆಗೆ ಬರುವಷ್ಟರಲ್ಲಿ ಮಧ್ಯಾಹ್ನ ಮೀರಿತ್ತು. ಇಬ್ಬರಿಗೂ ತಟ್ಟೆ ಹಾಕಿದೆ. ಡಬ್ಬಿಯಲ್ಲಿ ಖಡಕ್ ರೊಟ್ಟಿ ಇತ್ತು. ನಾನು ಅಭ್ಯಾಸದಂತೆ ಅದನ್ನು ಮುರಿದು ಪಲ್ಲೆಯಲ್ಲಿ ಅದ್ದಲು ಹೋದೆ. ಮಾವ ನನ್ನ ಕೈ ತಡೆದ. ಒಂದು ಒಣ ತುಂಡು ಮುರಿದು ನನ್ನ ಮುಂದೆ ಹಿಡಿದ.

“ಕಡಿ,” ಎಂದ. “ನಂಗ ಸಪ್ಪಳ ಕೇಳಬೇಕು.”

ಕಡಿದೆ. ಮಾವ ಗೋಡೆಯ ಕಡೆಗೆ ಮುಖ ತಿರುಗಿಸಿಕೊಂಡಿದ್ದ. ಸ್ವಲ್ಪ ಹೊತ್ತಿನ ಮೇಲೆ, ತಿರುಗದೆಯೇ, “ಇನ್ನೊಮ್ಮೆ,” ಎಂದ.

ಇನ್ನೊಮ್ಮೆ ಕಡಿದೆ.